ಗುರುತಿಲ್ಲದ ಹಸಿರು ಗಾಜಿನ ಸೆಟ್ಟು: ಮಾಡಿದವರನ್ನು ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: ನಾನು ಧಾರವಾಡದವಳು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಹೋದ ತಿಂಗಳು ಇಲ್ಲಿನ ಚಾರಿಟಿ ಅಂಗಡಿಯೊಂದರಲ್ಲಿ 40 ಪೌಂಡ್ ಕೊಟ್ಟು ಹಳೇ ಗಾಜಿನ ಡ್ರೆಸಿಂಗ್ ಟೇಬಲ್ ಸೆಟ್ ತಂದೆ. ತಿಳಿ ಹಸಿರು ಬಣ್ಣ. ಎಂಟು ಮೂಲೆಯ ಟ್ರೇ, ಎರಡು ಕ್ಯಾಂಡಲ್ ಸ್ಟ್ಯಾಂಡ್, ಮುಚ್ಚಳವಿರುವ ದೊಡ್ಡ ಪೌಡರ್ ಡಬ್ಬಿ, ಅದೇ ತರಹದ ಎರಡು ಸಣ್ಣ ಡಬ್ಬಿ, ಉಂಗುರ ಸಿಕ್ಕಿಸುವ ಸ್ಟ್ಯಾಂಡ್, ಪಿನ್ ಇಡುವ ಪುಟ್ಟ ತಟ್ಟೆ. ಎಲ್ಲೂ ಹೆಸರಿಲ್ಲ, ನಂಬರಿಲ್ಲ. ಡಬ್ಬಿಗಳ ತಳದ ಅಂಚನ್ನು ಉಜ್ಜಿ ಸಪಾಟು ಮಾಡಿದ ಹಾಗಿದೆ. ಅಂಗಡಿಯ ಚೀಟಿಯಲ್ಲಿ "ಬ್ಯಾಗ್ಲಿ, 1930" ಎಂದಿತ್ತು. ಸಹೋದ್ಯೋಗಿಯೊಬ್ಬರು ಇದು ಜರ್ಮನಿಯ ವಾಲ್ಟರ್ ಕಾರ್ಖಾನೆಯದು ಅಂತಾರೆ. ಫೋನಿನಲ್ಲಿ ಫೋಟೊ ಹಾಕಿ ಹುಡುಕಿದರೆ ಇಂಗ್ಲೆಂಡಿನ ಸವರ್ಬಿ ಕಾರ್ಖಾನೆಯದು ಅಂತ ಬರುತ್ತೆ. ಮಗಳ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರೆ ಡಬ್ಬಿಗಳು ಹಸಿರಾಗಿ ಹೊಳೆಯುತ್ತವೆ, ಟ್ರೇ ಮಾತ್ರ ಸ್ವಲ್ಪ ಮಂಕು. ದೊಡ್ಡ ಡಬ್ಬಿಯ ಮುಚ್ಚಳ ಅಲ್ಲಾಡುತ್ತೆ. ಇದನ್ನು ಯಾರು ಮಾಡಿದ್ದು? ಬೇರೆ ಬೇರೆ ಸೆಟ್ಟಿನದನ್ನು ಸೇರಿಸಿ ನನಗೆ ಕೊಟ್ಟಿದ್ದಾರಾ? ಯುರೇನಿಯಂ ಇದ್ದರೆ ಮಗಳು ಕುಂಕುಮ, ಓಲೆ ಇಟ್ಟುಕೊಳ್ಳಬಹುದಾ? ಮುಂದೆ ಮಾರುವುದಾದರೆ ಯಾರ ಹೆಸರಲ್ಲಿ ಮಾರಲಿ?

ಉತ್ತರ:

ಯಾರು ಮಾಡಿದ್ದು ಅಂತ ಕೇಳಿದ್ದೀರಿ. ಆದರೆ ಪತ್ರದ ತುಂಬ ಇರುವುದು "ನಾನು ಮೋಸ ಹೋದೆನಾ" ಎಂಬ ಅಳುಕು. ಅದನ್ನು ಮೊದಲು ಬಿಡಿ. ಒಡಕು, ಚಕ್ಕೆ ಇಲ್ಲದಿದ್ದರೆ ಎಂಟು ಸಾಮಾನಿಗೆ 40 ಪೌಂಡ್ ಜಾಸ್ತಿಯೇನಲ್ಲ. ಚಾರಿಟಿ ಅಂಗಡಿಯಲ್ಲಿ ಚೀಟಿ ಬರೆಯುವವರು ಸಾಮಾನ್ಯವಾಗಿ ಸಂಬಳವಿಲ್ಲದೆ ಕೆಲಸ ಮಾಡುವವರು, ಗಾಜಿನ ಪಂಡಿತರಲ್ಲ. ಬ್ಯಾಗ್ಲಿ ಕಾರ್ಖಾನೆ ಇದ್ದದ್ದು ನಾಟಿಂಗ್ಲಿಯಲ್ಲಿ. ಲೀಡ್ಸ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆ ಕಡೆಯವರಿಗೆ ಹಳೇ ಬಣ್ಣದ ಗಾಜು ಕಂಡರೆ ಮೊದಲು ಬಾಯಿಗೆ ಬರುವ ಹೆಸರೇ ಅದು. ಗೇಟ್ಸ್‌ಹೆಡ್ ಕಡೆಯ ಅಂಗಡಿಯಾಗಿದ್ದರೆ ಇದೇ ಸೆಟ್ಟಿಗೆ ಅಲ್ಲಿನ ಡೇವಿಡ್ಸನ್ ಕಾರ್ಖಾನೆಯ ಹೆಸರಿನ ಚೀಟಿ ಅಂಟಿಸುತ್ತಿದ್ದರು.

ಫೋನಿನ ಉತ್ತರವನ್ನೂ ಅಷ್ಟೇ ನಂಬಿ. ಫೋಟೊ ಹುಡುಕಾಟ ನಿಮಗೆ ತೋರಿಸುವುದು ಬೇರೆ ಮಾರಾಟಗಾರರು ತಮ್ಮ ಸಾಮಾನಿಗೆ ಇಟ್ಟ ಹೆಸರನ್ನು. ಒಬ್ಬರು ಊಹಿಸಿ ಸವರ್ಬಿ ಎಂದು ಬರೆಯುತ್ತಾರೆ. ಹತ್ತು ಜನ ಅದನ್ನೇ ನಕಲು ಮಾಡುತ್ತಾರೆ. ಹನ್ನೊಂದನೆಯವರಿಗೆ ಅದು ಸಾಕ್ಷಿಯ ಹಾಗೆ ಕಾಣುತ್ತದೆ. ಫೋಟೊ ಹುಡುಕಾಟದಿಂದ ಒಂದು ಉಪಯೋಗ ಮಾತ್ರ ಇದೆ: ನಿಮ್ಮದೇ ವಿನ್ಯಾಸದ ಇನ್ನೊಂದು ಸೆಟ್ಟು ಎಲ್ಲಾದರೂ ಸಿಕ್ಕರೆ, ಅದರಲ್ಲಿ ಯಾವ ಯಾವ ಸಾಮಾನು ಇವೆ, ಕಾಗದದ ಚೀಟಿ ಏನಾದರೂ ಉಳಿದಿದೆಯಾ ಎಂದು ನೋಡಬಹುದು.

ಇನ್ನು ಹಸಿರು ಹೊಳಪು. ಯುವಿ ಟಾರ್ಚ್ ಅಗ್ಗವಾದ ಮೇಲೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದರ ಬಗ್ಗೆಯೇ. ಯುರೇನಿಯಂ ಬೆರೆಸಿದ ಗಾಜು ಆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಗಾಜಿಗೆ ಯುರೇನಿಯಂ ಹಾಕುವುದು 1830ರ ದಶಕದಲ್ಲೇ ಬೊಹೀಮಿಯಾದಲ್ಲಿ (ಈಗಿನ ಚೆಕ್ ದೇಶದ ಭಾಗ) ಶುರುವಾಗಿತ್ತು. ಆಮೇಲೆ ಇಂಗ್ಲೆಂಡ್, ಜರ್ಮನಿ, ಅಮೆರಿಕ ಎಲ್ಲ ಕಡೆ ಹಾಕಿದರು. 1930ರ ದಶಕದಲ್ಲಿ ತಿಳಿ ಹಸಿರು ಎಂದರೆ ಫ್ಯಾಷನ್. ಅಗ್ಗದ ಗಾಜು ಮಾಡುವ ದೊಡ್ಡ ಕಾರ್ಖಾನೆಗಳೆಲ್ಲ ಹಸಿರು, ಗುಲಾಬಿ, ಜೇನು ಬಣ್ಣ, ನೀಲಿ ಮಾಡುತ್ತಿದ್ದವು. ಹಾಗಾಗಿ ಬಣ್ಣದಿಂದಾಗಲಿ ಹೊಳಪಿನಿಂದಾಗಲಿ ಮಾಡಿದವರು ಗೊತ್ತಾಗುವುದಿಲ್ಲ. ಮ್ಯಾಂಗನೀಸ್ ಇರುವ ಗಾಜೂ ಮಂದವಾಗಿ ಹಸಿರು ಕಾಣುತ್ತದೆ. ಆದರೆ ಟಾರ್ಚನ್ನು ಎತ್ತಿಡಬೇಡಿ. ಸೆಟ್ಟಿನ ಸಾಮಾನುಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಅದು ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರೇ ಹಾಕದೆ ಯಾಕೆ ಮಾರಿದರು? ಇದಕ್ಕೆ ಆ ವ್ಯಾಪಾರ ಹೇಗಿತ್ತು ಅಂತ ತಿಳಿಯಬೇಕು. ಈ ಸೆಟ್ಟುಗಳು ಪ್ರೆಸ್ಡ್ ಗ್ಲಾಸ್, ಅಂದರೆ ಅಚ್ಚಿನಲ್ಲಿ ಒತ್ತಿದ ಗಾಜು. ಕಾದು ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಅಚ್ಚಿಗೆ ಬಿಟ್ಟು, ಕತ್ತರಿಯಿಂದ ಕತ್ತರಿಸಿ, ಮೇಲಿನಿಂದ ದಿಂಡು ಇಳಿಸಿ ಒತ್ತುತ್ತಾರೆ. ಹೊರಗಿನ ಚಿತ್ತಾರ ಅಚ್ಚಿನದು, ಒಳಗಿನ ನುಣುಪು ದಿಂಡಿನದು. ಕುಶಲಿಗರು ಕೈಯಿಂದ ಕೊರೆದ ಕಟ್ ಗ್ಲಾಸ್ ಕೊಳ್ಳಲಾಗದ ಮನೆಗೆ ಅದೇ ಥಳುಕನ್ನು ಕಡಿಮೆ ದುಡ್ಡಿಗೆ ಕೊಡುವುದೇ ಇದರ ಉದ್ದೇಶ. ಕೊಳ್ಳುವವರು ಕಾರ್ಖಾನೆಯ ಹೆಸರು ಕೇಳುತ್ತಿರಲಿಲ್ಲ. ಕಾರ್ಖಾನೆಯವರು ಹೆಚ್ಚೆಂದರೆ ಕಾಗದದ ಚೀಟಿ ಅಂಟಿಸುತ್ತಿದ್ದರು. ಮೊದಲ ಸಲ ತೊಳೆದಾಗಲೇ ಅದು ಹೋಯಿತು. ನಡುವೆ ಇದ್ದ ಸಗಟು ವ್ಯಾಪಾರಿಗೂ ಹೆಸರು ಬೇಡ. ಹೆಸರಿದ್ದರೆ ಅಂಗಡಿಯವರು ನೇರವಾಗಿ ಕಾರ್ಖಾನೆಗೇ ಹೋಗಿಬಿಡುತ್ತಾರೆ, ಅಲ್ವಾ?

ಹಿಂದಿನ ತಲೆಮಾರಿನಲ್ಲಿ ಹೀಗಿರಲಿಲ್ಲ. ಗೇಟ್ಸ್‌ಹೆಡ್‌ನ ಸವರ್ಬಿಯವರು 1876ರಿಂದ ನವಿಲಿನ ತಲೆಯ ಗುರುತನ್ನು ಗಾಜಿನಲ್ಲೇ ಒತ್ತುತ್ತಿದ್ದರು. ಅದೇ ಊರಿನ ಡೇವಿಡ್ಸನ್‌ರಿಗೆ ಕೋಟೆಯ ಬುರುಜಿನ ಮೇಲೆ ಎದ್ದ ಸಿಂಹದ ಗುರುತಿತ್ತು. ನಿಮ್ಮ ಸೆಟ್ಟಿನ ಕಾಲಕ್ಕೆ ಬರುವಾಗ ಈ ರೂಢಿ ಬಹುಮಟ್ಟಿಗೆ ಹೋಗಿತ್ತು. ಹಾಗಾಗಿ ಗುರುತಿಲ್ಲ ಅಂದ ಮಾತ್ರಕ್ಕೆ ಸಾಮಾನು ಕಳಪೆಯೂ ಅಲ್ಲ, ನಕಲಿಯೂ ಅಲ್ಲ.

ಪೈಪೋಟಿ ಇದ್ದದ್ದು ಇಂಗ್ಲೆಂಡಿನ ಒಳಗೆ ಮಾತ್ರ ಅಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಎರಡು ದೈತ್ಯ ಕಾರ್ಖಾನೆಗಳಿದ್ದವು. ಡ್ರೆಸ್ಡೆನ್ ಹತ್ತಿರದ ಒಟೆಂಡಾರ್ಫ್-ಒಕ್ರಿಲಾದಲ್ಲಿ ಆಗಸ್ಟ್ ವಾಲ್ಟರ್, ಮೈಸನ್ ಹತ್ತಿರ ಬ್ರೊಕ್ವಿಟ್ಸ್. ಚೆಕೋಸ್ಲೊವಾಕಿಯಾದಲ್ಲಿ ಟೆಪ್ಲಿಟ್ಸೆ ಬಳಿ ಜೋಸೆಫ್ ಇನ್ವಾಲ್ಡ್, ಜೊತೆಗೆ ಲಿಬೊಖೊವಿಟ್ಸೆಯ ಕಾರ್ಖಾನೆ. ಇವರೆಲ್ಲ ಇಂಥ ಡ್ರೆಸಿಂಗ್ ಟೇಬಲ್ ಸೆಟ್ಟುಗಳನ್ನು ರಾಶಿ ರಾಶಿ ಮಾಡಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. (ಬೊಹೀಮಿಯಾದ ಜಾಬ್ಲೊನೆಟ್ಸ್ ಊರಿನಿಂದ ನಮ್ಮ ಕಡೆಗೆ ಗಾಜಿನ ಬಳೆ ಬರುತ್ತಿದ್ದ ಕಾಲವೂ ಇದೇ. ಧಾರವಾಡದ ನಿಮ್ಮ ಅಜ್ಜಿಯ ಕೈಯಲ್ಲಿ ಬೊಹೀಮಿಯಾದ ಗಾಜು ಇದ್ದಿರಬಹುದು.) 1931ರಲ್ಲಿ ಪೌಂಡಿನ ಬೆಲೆ ಇಳಿಯಿತು. 1932ರಲ್ಲಿ ಬ್ರಿಟನ್ ಆಮದಿನ ಮೇಲೆ ಸುಂಕ ಹಾಕಿತು. ಹೊರಗಿನ ಗಾಜು ತುಟ್ಟಿಯಾಯಿತು. ಸ್ಥಳೀಯ ಕಾರ್ಖಾನೆಗಳಿಗೆ ಜಾಗ ಸಿಕ್ಕಿತು. ಬ್ಯಾಗ್ಲಿ, ಸಂಡರ್‌ಲ್ಯಾಂಡಿನ ಜಾಬ್ಲಿಂಗ್ ಮುಂತಾದವರು ಯುರೋಪಿನ ಫ್ಯಾಷನ್ನಿನಲ್ಲೇ ಸಾಮಾನು ಮಾಡತೊಡಗಿದರು. ಮೂಲೆ ಕತ್ತರಿಸಿದ ಟ್ರೇ, ಮೆಟ್ಟಿಲು ಮೆಟ್ಟಿಲಾದ ಮುಚ್ಚಳ, ಮಂಜು ಹಿಡಿದಂಥ ಮೇಲ್ಮೈ, ಎಲ್ಲವೂ ಎರಡೂ ಕಡೆ ಇವೆ. ನಿಮ್ಮ ಸೆಟ್ಟಿಗೆ ಮೂರು ಹೆಸರು ಬಂದದ್ದಕ್ಕೆ ಇದೇ ಕಾರಣ. ಮೂವರೂ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ. ಆದರೆ "ಶೈಲಿ" ನೋಡಿ ಕಾರ್ಖಾನೆ ಹೇಳಲು ಬರುವುದಿಲ್ಲ.

ಹಾಗಾದರೆ ಯಾವುದರಿಂದ ಗೊತ್ತಾಗುತ್ತದೆ? ಆ ಕಾಲದ ಕ್ಯಾಟಲಾಗಿನಲ್ಲಿ ನಿಮ್ಮದೇ ಸಾಮಾನಿನ ಚಿತ್ರ ಸಿಗಬೇಕು. ನನ್ನ ಕೆಲಸದಲ್ಲಿ ಬೇರೆ ಯಾವ ಸಾಕ್ಷಿಗೂ ಅಷ್ಟು ತೂಕ ಕೊಡುವುದಿಲ್ಲ. ವಾಲ್ಟರ್, ಬ್ರೊಕ್ವಿಟ್ಸ್, ಇನ್ವಾಲ್ಡ್ ಮುಂತಾದವರ ಎರಡು ಯುದ್ಧಗಳ ನಡುವಿನ ಕ್ಯಾಟಲಾಗುಗಳು ಉಳಿದಿವೆ. ಸಂಗ್ರಹಕಾರರು ಅವನ್ನು ಸ್ಕ್ಯಾನ್ ಮಾಡಿ ಹಂಚಿದ್ದಾರೆ. ಹುಡುಕುವಾಗ ಟ್ರೇಯಿಂದ ಶುರು ಮಾಡಿ. ಡಬ್ಬಿ, ಕ್ಯಾಂಡಲ್ ಸ್ಟ್ಯಾಂಡ್ ಎಲ್ಲರದೂ ಹೆಚ್ಚು ಕಡಿಮೆ ಒಂದೇ. ಒಂದೇ ಕಾರ್ಖಾನೆಯವರು ಒಂದೇ ಕ್ಯಾಂಡಲ್ ಸ್ಟ್ಯಾಂಡನ್ನು ಎರಡು ಮೂರು ಸೆಟ್ಟಿಗೆ ಸೇರಿಸಿ ಮಾರಿದ್ದೂ ಇದೆ. ಟ್ರೇ ಹಾಗಲ್ಲ. ವಿನ್ಯಾಸಕಾರನ ಕೈಚಳಕವೆಲ್ಲ ಅಲ್ಲೇ ಇರುತ್ತದೆ.

ಟ್ರೇಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ. ಚಿತ್ತಾರ ಇರುವುದು ಕೆಳಗಡೆಗೆ, ಮೇಲ್ಗಡೆ ನುಣ್ಣಗೆ. ಉದ್ದಗಲವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಒಂದು ಅಂಚಿನಲ್ಲಿ ಎಷ್ಟು ಏಣುಗೆರೆ ಇವೆ ಎಣಿಸಿ. ಹಿಡಿಯ ಜಾಗದಲ್ಲಿ ಗೆರೆ ಮುಂದುವರಿಯುತ್ತದಾ, ನಿಲ್ಲುತ್ತದಾ? ಮೂಲೆ ನೇರವಾಗಿ ಕತ್ತರಿಸಿದೆಯಾ, ಒಳಗೆ ಮೆಟ್ಟಿಲಿದೆಯಾ? ಕ್ಯಾಟಲಾಗಿನ ಚಿತ್ರ ಸಣ್ಣದು, ಕಪ್ಪು ಬಿಳುಪು. ದೂರದಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಗೆರೆಯ ಲೆಕ್ಕ ತಪ್ಪಿದರೆ ಅದು ನಿಮ್ಮ ಟ್ರೇ ಅಲ್ಲ, ಎಷ್ಟೇ ಹೋಲಿದರೂ. ಇಲ್ಲಿ ಆಸೆಬುರುಕತನ ಬೇಡ.

ಬೋರಲು ಹಾಕಿದ್ದೀರಲ್ಲ, ಹಾಗೇ ಒಂದು ಕೆಲಸ ಮಾಡಿ. ತಳದ ಸಪಾಟು ಜಾಗಕ್ಕೆ ಬಾಯಿಂದ ಹಬೆ ಊದಿ, ಓರೆಯಾಗಿ ಬೆಳಕಿಗೆ ಹಿಡಿಯಿರಿ. ಚೆಕೋಸ್ಲೊವಾಕಿಯಾದ ಸಾಮಾನಿನ ಮೇಲೆ ಕೆಲವೊಮ್ಮೆ ಆಸಿಡ್ಡಿನಿಂದ ಒತ್ತಿದ ದೇಶದ ಮುದ್ರೆ ಇರುತ್ತದೆ. ಒಣಗಿದ್ದಾಗ ಕಾಣುವುದೇ ಇಲ್ಲ. ಹಬೆ ಕೂತಾಗ ಆ ಅಕ್ಷರಗಳ ಜಾಗ ಬೇರೆಯಾಗಿ ಕಂಡು, ಕ್ಷಣದಲ್ಲಿ ಮಾಯವಾಗುತ್ತದೆ. ಎಂಟೂ ಸಾಮಾನಿಗೆ ಹೀಗೆ ಮಾಡಿ. ಮುಚ್ಚಳದ ಒಳಗಡೆ ಮರೆಯಬೇಡಿ.

ನಿಮ್ಮದರಲ್ಲಿ ನಂಬರಿಲ್ಲ ಅಂದಿರಿ. ಮುಂದೆ ಬೇರೆ ಸಾಮಾನಿನಲ್ಲಿ ಸಿಗಬಹುದು, ಅದಕ್ಕೇ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1884ರಿಂದ ವಿನ್ಯಾಸಗಳಿಗೆ ಸರಣಿ ಸಂಖ್ಯೆ ಕೊಡುತ್ತಿದ್ದರು. ಗಾಜಿನ ಮೇಲೆ "ಆರ್‌ಡಿ" ಎಂಬ ಎರಡಕ್ಷರ, ಪಕ್ಕದಲ್ಲಿ ಸಂಖ್ಯೆ. 1930ರ ದಶಕದ ಸಂಖ್ಯೆಗಳು ಸುಮಾರು 7,51,000ದಿಂದ 8,37,000ದ ನಡುವೆ ಬರುತ್ತವೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ದಾಖಲೆಗಳಿವೆ. ನಂಬರ್ ಸಿಕ್ಕರೆ ಕೆಲಸ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಪೂರ್ತಿ ಮುಗಿಯುವುದಿಲ್ಲ. ಆ ಸಂಖ್ಯೆ ಹೇಳುವುದು ವಿನ್ಯಾಸವನ್ನು ಯಾರು, ಯಾವಾಗ ನೋಂದಾಯಿಸಿದರು ಎಂದು. ನೋಂದಾಯಿಸಿದವರೇ ಮಾಡಿದವರಾಗಿರಬೇಕೆಂದಿಲ್ಲ. ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ ಜಾಕೊಬಿಯನ್ ಗಾಜನ್ನೇ ನೋಡಿ. ಇಂಗ್ಲಿಷ್ ಹೆಸರು, ಮಾರಿದವರು ಲಂಡನ್ನಿನ ಕ್ಲೇಟನ್ ಮೇಯರ್ಸ್. ಅದರ ಮೂಲ ಮಾತ್ರ ಚೆಕೋಸ್ಲೊವಾಕಿಯಾದ ಇನ್ವಾಲ್ಡ್, ಅಲ್ಲಿ ಅದರ ಹೆಸರು ಲಾರ್ಡ್. ಬ್ಯಾರೊಲ್ಯಾಕ್ ಎಂಬ ಗುರುತೂ ಹೀಗೇ. ಲಂಡನ್ನಿನ ಜೆಂಕಿನ್ಸ್ ಎಂಬ ವ್ಯಾಪಾರಿಗಾಗಿ ಇನ್ವಾಲ್ಡ್ ಮಾಡಿಕೊಟ್ಟ ಗಾಜು ಅದು.

ಇನ್ನು ಸೆಟ್ಟು ಒಂದೇನಾ, ಬೆರಕೆಯಾ ಎಂಬುದು. ಈ ಸಾಮಾನುಗಳು ಒಡೆಯುವಂಥವು. ಎರಡು ಅರೆಬರೆ ಸೆಟ್ಟುಗಳಿಂದ ಒಂದು ಪೂರ್ತಿ ಸೆಟ್ಟು ಮಾಡಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು. ನಿಮ್ಮ ಅನುಮಾನ ಎರಡು ಕಡೆ ಇದೆ: ಅಲ್ಲಾಡುವ ಮುಚ್ಚಳ, ಮಂಕಾದ ಟ್ರೇ.

ಮುಚ್ಚಳ ಅಲ್ಲಾಡುವುದರಿಂದ ಏನೂ ಸಾಬೀತಾಗುವುದಿಲ್ಲ. ಒತ್ತಿದ ಗಾಜಿನ ಮುಚ್ಚಳವನ್ನು ಡಬ್ಬಿಗೆ ಉಜ್ಜಿ ಹೊಂದಿಸುವ ಪದ್ಧತಿ ಇಲ್ಲ. ಡಬ್ಬಿ ಆರುವಾಗ ಒಂಚೂರು ಸೊಟ್ಟಗಾದರೂ ಮುಚ್ಚಳ ಕುಣಿಯುತ್ತದೆ. ನಾನು ನೋಡುವುದು ಬೇರೆ. ಮುಚ್ಚಳದ ಏಣುಗೆರೆಗಳನ್ನು ಎಣಿಸಿ, ಡಬ್ಬಿಯದನ್ನೂ ಎಣಿಸಿ. ಎರಡೂ ಒಂದೇ ಇರಬೇಕು, ಅಥವಾ ಒಂದು ಇನ್ನೊಂದರ ಸರಿಯಾಗಿ ಅರ್ಧ ಇರಬೇಕು. ಡಬ್ಬಿಯಲ್ಲಿ 24 ಇದ್ದು ಮುಚ್ಚಳದಲ್ಲಿ 20 ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಅಚ್ಚಿನ ಗೆರೆ. ಅಚ್ಚಿನ ತುಂಡುಗಳು ಸೇರುವ ಕಡೆ ಗಾಜಿನ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಏಳುತ್ತದೆ. ಉಗುರು ಎಳೆದರೆ ತಿಳಿಯುತ್ತದೆ. ಎರಡು ಸಣ್ಣ ಡಬ್ಬಿಗಳಲ್ಲಿ ಒಂದಕ್ಕೆ ಎರಡು ಗೆರೆ, ಇನ್ನೊಂದಕ್ಕೆ ಮೂರು ಗೆರೆ ಇದ್ದರೆ ಅವು ಒಂದೇ ಅಚ್ಚಿನಿಂದ ಬಂದಿಲ್ಲ. ಕ್ಯಾಂಡಲ್ ಸ್ಟ್ಯಾಂಡಿಗೂ ಇದೇ ಪರೀಕ್ಷೆ.

ಈಗ ಟಾರ್ಚು. ಕತ್ತಲೆ ಕೋಣೆಯಲ್ಲಿ ಎಲ್ಲ ಸಾಮಾನನ್ನು ಒಟ್ಟಿಗೆ ಇಟ್ಟು, ಎಲ್ಲಕ್ಕೂ ಒಂದೇ ದೂರದಿಂದ ಬೆಳಕು ಹಿಡಿಯಿರಿ. ಟ್ರೇ ತೆಳು, ಡಬ್ಬಿಯ ಗೋಡೆ ದಪ್ಪ. ದಪ್ಪ ಜಾಸ್ತಿ ಇದ್ದ ಕಡೆ ಹೊಳಪೂ ಜಾಸ್ತಿ. ಹಾಗಾಗಿ ಟ್ರೇಯ ಮಧ್ಯಭಾಗ ನೋಡಬೇಡಿ, ಅದರ ದಪ್ಪ ಅಂಚನ್ನು ಡಬ್ಬಿಯ ಅಂಚಿಗೆ ಹೋಲಿಸಿ. ಆಗ ಹೊಳಪು ಒಂದೇ ಇದ್ದರೆ ಚಿಂತೆ ಬಿಡಿ. ಆಗಲೂ ಟ್ರೇ ಮಂಕಾಗಿದ್ದು, ಹಗಲು ಬೆಳಕಿನಲ್ಲಿ ಬಿಳಿ ಹಾಳೆಯ ಮೇಲೆ ಹಸಿರಿನ ಛಾಯೆಯೂ ಬೇರೆ ಅನಿಸಿದರೆ, ಅದು ಬೇರೆ ಸಲ ಕರಗಿಸಿದ ಗಾಜು. ಒಂದೇ ಕಾರ್ಖಾನೆಯ ಬೇರೆ ದಿನದ್ದಿರಬಹುದು, ಬೇರೆ ಕಾರ್ಖಾನೆಯದ್ದೇ ಇರಬಹುದು. ಅಲ್ಲಿಗೆ ಮತ್ತೆ ಗೆರೆ ಎಣಿಸುವ ಕೆಲಸ.

ಸೆಟ್ಟು "ಪೂರ್ತಿ" ಇದೆಯಾ ಎಂದು ಕೇಳಿಲ್ಲ, ಸದ್ಯ. ಐದು ಸಾಮಾನಿನ ಸೆಟ್ಟು, ಏಳರ ಸೆಟ್ಟು, ಕ್ಯಾಂಡಲ್ ಸ್ಟ್ಯಾಂಡ್ ಬೇಡದವರಿಗೆ ಸೆಂಟ್ ಬಾಟಲಿ, ಹೀಗೆ ಬೇಕಾದ ಹಾಗೆ ಮಾರುತ್ತಿದ್ದರು. ಇಲ್ಲದ ಬಾಟಲಿಗಾಗಿ ವರ್ಷಗಟ್ಟಲೆ ಅಲೆದವರನ್ನು ಕಂಡಿದ್ದೇನೆ.

ಪತ್ರದಲ್ಲಿದ್ದ ವಿವರ ನೋಡಿ ನನ್ನ ಅಭಿಪ್ರಾಯ ಹೇಳುವುದಾದರೆ: ಬ್ಯಾಗ್ಲಿ ಕಡೆಗೆ ಒಲವು ಕಡಿಮೆ. ತಳದ ಅಂಚನ್ನು ಉಜ್ಜಿ ನಯ ಮಾಡುವುದು ಸ್ಯಾಕ್ಸನಿ, ಬೊಹೀಮಿಯಾದ ಗಾಜಿನಲ್ಲಿ ಹೆಚ್ಚು ಕಾಣುತ್ತದೆ. ಇಂಗ್ಲೆಂಡಿನವರೂ ಕೆಲವಕ್ಕೆ ಮಾಡಿದ್ದರಿಂದ ಇದನ್ನೇ ಪಟ್ಟು ಹಿಡಿಯಲಾರೆ. 1930ರ ದಶಕ, ಮಧ್ಯ ಯುರೋಪು, ಇಷ್ಟು ಹೇಳಲು ಧೈರ್ಯವಿದೆ. ನಿಮ್ಮ ಸಹೋದ್ಯೋಗಿಯ ವಾಲ್ಟರ್ ಮಾತು ಅಸಂಬದ್ಧವಲ್ಲ. ಆದರೆ ಟ್ರೇಯ ಚಿತ್ರ ಕ್ಯಾಟಲಾಗಿನಲ್ಲಿ ಸಿಗುವ ತನಕ ಅದು ಊಹೆಯೇ. ಕಾಲದ ವಿಷಯದಲ್ಲೂ ಒಂದು ಎಚ್ಚರ ಬೇಕು. ಅಚ್ಚು ಕಬ್ಬಿಣದ್ದು, ದಶಕಗಟ್ಟಲೆ ಬಾಳುತ್ತದೆ. ಚೆಕ್ ಕಾರ್ಖಾನೆಗಳು 1945ರ ನಂತರ ಸರ್ಕಾರದ ಕೈಗೆ ಹೋದಾಗ ಅಚ್ಚುಗಳೂ ಜೊತೆಗೆ ಹೋದವು, ಹಳೇ ವಿನ್ಯಾಸಗಳು ಮತ್ತೆ ಹೊರಬಂದವು. ಟ್ರೇಯ ತಳದಲ್ಲಿ ನೆಲಕ್ಕೆ ತಾಗುವ ಕಡೆ ಮಾತ್ರ, ಅಡ್ಡಾದಿಡ್ಡಿಯಾಗಿ, ಸಣ್ಣ ಗೀರುಗಳಿದ್ದರೆ ಅದು ಬಳಸಿ ಸವೆದದ್ದು. ಎಲ್ಲ ಗೀರೂ ಒಂದೇ ದಿಕ್ಕಿಗಿದ್ದರೆ ಹಳೇದಾಗಿ ಕಾಣಲಿ ಎಂದು ಯಾರೋ ಮರಳು ಕಾಗದ ಉಜ್ಜಿದ್ದಾರೆ ಅಂತ ತಿಳಿಯಿರಿ.

ಮುಂದೆ ಏನು ಮಾಡಬಹುದು? ಹುಡುಕುವ ಹುಮ್ಮಸ್ಸಿದ್ದರೆ ಕ್ಯಾಟಲಾಗು ತಿರುವಿ ಹಾಕಿ. ಸಂಜೆಗಳು ಹೋಗುತ್ತವೆ, ಉತ್ತರ ಸಿಗದೆಯೂ ಇರಬಹುದು. ಹರಾಜು ಸಂಸ್ಥೆಗಳ ಉಚಿತ ಬೆಲೆ ಪರಿಶೀಲನೆಗೆ ಒಯ್ಯಬಹುದು. ಆದರೆ ಅಲ್ಲಿ ಇಂಥ ಅಗ್ಗದ ಗಾಜಿಗೆ ಯಾರೂ ಹೆಚ್ಚು ಹೊತ್ತು ಕೊಡುವುದಿಲ್ಲ. ಬಾಯಿಗೆ ಬಂದ ಹೆಸರು ಹೇಳಿ ಕಳಿಸಿದರೆ ಅದು ಚಾರಿಟಿ ಅಂಗಡಿಯ ಚೀಟಿಗಿಂತ ಮೇಲಲ್ಲ. "ಯಾವ ಕ್ಯಾಟಲಾಗು, ಯಾವ ವರ್ಷ, ಎಷ್ಟನೇ ನಂಬರ್" ಎಂದು ಕೇಳಿ. ಅದಕ್ಕೆ ಉತ್ತರ ಬರದಿದ್ದರೆ ಬರೆದುಕೊಳ್ಳಬೇಡಿ. ಗೇಟ್ಸ್‌ಹೆಡ್‌ನ ಶಿಪ್ಲಿ ಆರ್ಟ್ ಗ್ಯಾಲರಿಯಲ್ಲಿ ಅಲ್ಲಿನ ಒತ್ತಿದ ಗಾಜಿನ ಸಂಗ್ರಹವಿದೆ. ಸವರ್ಬಿ, ಡೇವಿಡ್ಸನ್ ಗಾಜು ನಿಜಕ್ಕೂ ಹೇಗಿರುತ್ತದೆ ಎಂದು ಕಣ್ಣಾರೆ ನೋಡಲು ಹೋಗಿಬನ್ನಿ.

ಮಾರುವುದಾದರೆ "ಬ್ಯಾಗ್ಲಿ" ಎಂದು ಬರೆಯಬೇಡಿ. "1930ರ ದಶಕದ ಹಸಿರು ಒತ್ತಿದ ಗಾಜು, ಬಹುಶಃ ಜರ್ಮನಿ ಅಥವಾ ಚೆಕೋಸ್ಲೊವಾಕಿಯಾ, ಗುರುತಿಲ್ಲ" ಎಂದು ಬರೆದು, ಟ್ರೇಯ ತಳದ ಫೋಟೊ ಹಾಕಿ. ಗೊತ್ತಿದ್ದವರು ಅದನ್ನು ನೋಡಿಯೇ ಗುರುತು ಹಿಡಿಯುತ್ತಾರೆ. ತಪ್ಪು ಹೆಸರು ಹಾಕಿದರೆ ಕೊಂಡವರು ವಾಪಸ್ ಕಳಿಸುತ್ತಾರೆ, ದಾರಿಯಲ್ಲಿ ಒಡೆದರೆ ನಷ್ಟ ನಿಮ್ಮದೇ. ಈ ದರ್ಜೆಯ ಗಾಜಿನಲ್ಲಿ ಕಾರ್ಖಾನೆಯ ಹೆಸರಿನಿಂದ ಬೆಲೆ ಏರುವುದು ಅಷ್ಟಕ್ಕಷ್ಟೆ. ಬಣ್ಣ ಚೆನ್ನಾಗಿದೆಯಾ, ಚಕ್ಕೆ ಎದ್ದಿದೆಯಾ ಎಂಬುದನ್ನೇ ಕೊಳ್ಳುವವರು ಮೊದಲು ನೋಡುತ್ತಾರೆ.

ಕೊನೆಗೆ ಮಗಳ ವಿಷಯ. ಇಂಥ ಗಾಜಿನಲ್ಲಿ ಯುರೇನಿಯಂ ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 2ಕ್ಕಿಂತ ಕಡಿಮೆ, ಅದೂ ಗಾಜಿನೊಳಗೇ ಬೆಸೆದುಕೊಂಡಿರುತ್ತದೆ. ಮುಟ್ಟುವುದರಿಂದ, ಮೇಜಿನ ಮೇಲೆ ಇಡುವುದರಿಂದ ಭಯವಿಲ್ಲ. ಓಲೆ, ಬಳೆ, ಪಿನ್ನು ಧಾರಾಳವಾಗಿ ಇಡಲಿ. ತಿನ್ನುವ ಪದಾರ್ಥ, ಅದರಲ್ಲೂ ಹುಳಿ ಇರುವುದು ಬೇಡ. ಒಡೆದರೆ ಚೂರನ್ನು ಬರಿಗೈಯಲ್ಲಿ ಎತ್ತಬಾರದು, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕುಂಕುಮದ ಬಗ್ಗೆ ನನ್ನ ತಕರಾರು ಬೇರೆ. ಡಬ್ಬಿಯ ಒಳಗೋ ಮುಚ್ಚಳದಲ್ಲೋ ಮಂಜುಮಂಜಾದ ಭಾಗವಿದ್ದರೆ, ಕುಂಕುಮ, ಕಾಡಿಗೆ, ಎಣ್ಣೆ ಆ ಒರಟು ಮೈಯಲ್ಲಿ ಕೂತುಬಿಡುತ್ತವೆ, ತೆಗೆಯುವುದು ಕಷ್ಟ. ಒಳಗೆ ಒಂದು ಪುಟ್ಟ ಸ್ಟೀಲ್ ಬಟ್ಟಲಿಟ್ಟು ಅದರಲ್ಲಿ ಕುಂಕುಮ ಹಾಕಿಕೊಳ್ಳಲಿ. ತೊಳೆಯುವಾಗ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಸಿಂಕಿನ ತಳಕ್ಕೆ ದಪ್ಪ ಟವೆಲ್. ಡಿಶ್‌ವಾಶರಿಗೆ ಹಾಕಿದರೆ ಗಾಜು ಹಾಲುಗಟ್ಟಿದಂತೆ ಮಸುಕಾಗುತ್ತದೆ. ಆ ಮಸುಕು ಮತ್ತೆ ಹೋಗುವುದಿಲ್ಲ. ಮುಚ್ಚಳ ಹಾಕುವ ಮುನ್ನ ಒಳಗೆ ಪೂರ್ತಿ ಒಣಗಿರಲಿ.

ಗೆರೆ ಎಣಿಸಿದ ಮೇಲೆ ಟ್ರೇಯ ತಳ, ಡಬ್ಬಿ ಮತ್ತು ಮುಚ್ಚಳ ಪಕ್ಕಪಕ್ಕದಲ್ಲಿ, ಟಾರ್ಚಿನ ಬೆಳಕಿನಲ್ಲಿ ಎಲ್ಲ ಸಾಮಾನು, ಇಷ್ಟರ ಫೋಟೊ ಕಳಿಸಿ. ಅಳತೆಯನ್ನೂ ಬರೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟೇ ಫೋಟೊ ತೆಗೆಯಿರಿ.